ಸಹಾಯ ಬೇಕು: ಬೇಸಿಗೆಗೆ ಹಳೆಯ ಜಪಾನಿ ಹಾಡುಗಳು

ಜಪಾನಿನ ಹಳೆಯ ಪಾಪ್ ಹಾಡು ಕೇಳುವವರು ಇಲ್ಲಿ ಯಾರಾದರೂ ಇದ್ದೀರಾ? ಬೇಸಿಗೆಗೆ ಅಂತ ಒಂದು ಪಟ್ಟಿ ಮಾಡುತ್ತಿದ್ದೇನೆ. ಸದ್ಯಕ್ಕೆ ಇರುವುದು ಮತ್ಸುದಾ ಸೇಕೊ ಅವರ 'ಆಓಯಿ ಸಾಂಗೊಶೊ' (1980), ಓತಾಕಿ ಏಯಿಚಿ ಅವರ 1981ರ 'ಎ ಲಾಂಗ್ ವೆಕೇಶನ್' ಆಲ್ಬಂ ಪೂರ್ತಿ, ಟ್ಯೂಬ್ ತಂಡದ 'ಸೀಸನ್ ಇನ್ ದ ಸನ್' (1986). ಬಿಸಿಲು, ಸಮುದ್ರ, ಖುಷಿ, ಎಲ್ಲಾ ಸರಿ.

ಆದರೆ ನನಗೆ ಜಾಸ್ತಿ ಬೇಕಿರುವುದು ಇನೋವೆ ಯೋಸುಯಿ ಅವರ 'ಶೋನೆನ್ ಜಿದಾಯಿ' (1990) ಥರದವು, ಬೇಸಿಗೆ ರಜೆ ಮುಗಿಯುತ್ತಾ ಬಂದಾಗ ಒಂಥರಾ ಸಂಕಟ ಆಗುತ್ತಲ್ಲ, ಮೆಲ್ಲಗೆ ಪಿಯಾನೊ, ಗದ್ದಲ ಇಲ್ಲದೆ, ಅಂಥವು. ಎಷ್ಟು ಸಲ ಕೇಳಿದರೂ ಗಂಟಲು ಕಟ್ಟುತ್ತದೆ. ಝೋನ್ ತಂಡದ 'ಸೀಕ್ರೆಟ್ ಬೇಸ್' (2001) ಆಗಲೇ ಸೇರಿಸಿದ್ದೇನೆ, ಅದು ಬಿಟ್ಟು ಹೇಳಿ. 1970ರ ದಶಕದ್ದು ಇದ್ದರೆ ಇನ್ನೂ ಒಳ್ಳೆಯದು, ಆ ಕಾಲದ್ದು ಒಂದೂ ಇಲ್ಲ. ಹಾಡಿದವರ ಹೆಸರೂ ಬರೆಯಿರಿ, ಹುಡುಕಲು ಸುಲಭ ಅಲ್ವಾ.