ಹಂಚಿನ ಮನೆಯ ಅಟ್ಟದಲ್ಲಿ ಅಳಿಲು: ಹೊರಗೆ ಕಳಿಸಿ ಸಂದು ಮುಚ್ಚುವುದು ಹೇಗೆ?

ತೀರ್ಥಹಳ್ಳಿ_ಹಂಚುಮನೆ

ಎಲ್ಲರಿಗೂ ನಮಸ್ಕಾರ. ಹಳೇ ಮಂಗಳೂರು ಹಂಚಿನ ಮನೆ, ಒಳಗೆ ಹಲಗೆ ಮುಚ್ಚಿಗೆ, ಅದರ ಮೇಲೆ ಅಟ್ಟ. ಬೆಳಕು ಹರಿದ ಕೂಡಲೇ ಓಡಾಟ ಶುರುವಾಗಿ ಸಂಜೆಗೆ ನಿಲ್ಲುತ್ತದೆ. ಒಂದು ಮೂಲೆಯಲ್ಲಿ ತೆಂಗಿನ ನಾರು, ಹತ್ತಿ, ಹುಲ್ಲು ಸೇರಿಸಿ ಗೂಡು ಕಟ್ಟಿದೆ. ಅಲ್ಲೇ ಹತ್ತಿರ ವೈರನ್ನೂ ಕಡಿದಿದೆ. ವಿಷ ಇಡುವ ಮನಸ್ಸಿಲ್ಲ. ಮನೆಯ ಸುತ್ತಳತೆ ಸುಮಾರು 100 ಅಡಿ. ಯಾವ ಜಾಲರಿ ತರಬೇಕು, ಎಷ್ಟು ಬೇಕು? ಮಳೆ ಹಿಡಿಯುವುದರೊಳಗೆ ಮುಗಿಯಬೇಕು.

ಮಾಡು_ಮೇಸ್ತ್ರಿ

ಹಗಲು ಮಾತ್ರ ಸದ್ದು ಅಂದರೆ ಅಳಿಲೇ. ರಾತ್ರಿ ಕೆರೆಯುವ ಸದ್ದಾದರೆ ಇಲಿ. ರಾತ್ರಿ ಭಾರವಾದ ಹೆಜ್ಜೆ, ಹಿಕ್ಕೆಯಲ್ಲಿ ಬಗನಿ ಅಥವಾ ಕಾಫಿ ಬೀಜ ಕಂಡರೆ ಕಬ್ಬೆಕ್ಕು. ಅದಕ್ಕೆ ಬೇರೆಯದೇ ದಾರಿ.

ಜಾಲರಿ: ಅರ್ಧ ಇಂಚು ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣ) ವೆಲ್ಡ್ ಮೆಶ್, 20 ಗೇಜ್ ಅಥವಾ ಅದಕ್ಕಿಂತ ದಪ್ಪ. ಗೇಜ್ ಸಂಖ್ಯೆ ಕಡಿಮೆಯಾದಷ್ಟು ತಂತಿ ದಪ್ಪ, ಅಂಗಡಿಯಲ್ಲಿ ಇದನ್ನು ನೋಡಿಯೇ ತನ್ನಿ. ಕೋಳಿಗೂಡಿನ ಆರು ಮೂಲೆಯ ಜಾಲರಿ ಬೇಡ, ಕಣ್ಣು ಅಗಲ, ಎಳೆದರೆ ಸಡಿಲವಾಗುತ್ತದೆ. ಸೊಳ್ಳೆ ಪರದೆಯ ನೈಲಾನ್ ಜಾಲರಿಯನ್ನು ಹಲ್ಲಿನಲ್ಲಿ ಕತ್ತರಿಸಿ ಬರುತ್ತದೆ. 3 ಅಡಿ ಅಗಲದ ಮೆಶ್ 40 ಅಡಿ ತಂದು ಉದ್ದಕ್ಕೆ ಒಂದೊಂದು ಅಡಿಯ ಮೂರು ಪಟ್ಟಿ ಕತ್ತರಿಸಿ. 120 ಅಡಿ ಪಟ್ಟಿ ಸಿಗುತ್ತದೆ. ಒಂದರ ಮೇಲೊಂದು ಎರಡಿಂಚು ಹಾಯಿಸಿದರೂ, ಪಕಾಸು (ಮಾಡಿನ ಇಳಿಜಾರು ಮರ) ಬಂದಲ್ಲೆಲ್ಲ ಕಚ್ಚು ಹಾಕಿ ಮಡಚಿದರೂ ಸಾಕಾಗುತ್ತದೆ.

ಅಳಿಲು ನುಗ್ಗುವುದು ಹೆಚ್ಚಾಗಿ ಸೂರಿನಲ್ಲಿ, ಗೋಡೆಯ ತಲೆ ಮತ್ತು ಹಂಚಿನ ನಡುವಿನ ಸಂದಿನಲ್ಲಿ. ಒಂದಿಂಚು ಸಂದು ಅದಕ್ಕೆ ಧಾರಾಳ. ಮಾಡಿನ ನೆತ್ತಿಯಲ್ಲಿ ಗಾರೆ ಬಿಟ್ಟ ಕಡೆ, ಒಡೆದ ಹಂಚು, ಡಿಶ್ ಕೇಬಲ್ ಒಳಬಂದ ತೂತು ಕೂಡ ನೋಡಿ. ಹಗಲಲ್ಲಿ ಅಟ್ಟಕ್ಕೆ ಹತ್ತಿ ದೀಪ ಆರಿಸಿ ನಿಂತರೆ ಬೆಳಕು ಬರುವ ಸಂದುಗಳೆಲ್ಲ ತಾವಾಗಿಯೇ ಕಾಣುತ್ತವೆ. ಪ್ರತಿಯೊಂದಕ್ಕೂ ಸುಣ್ಣದ ಗುರುತು ಹಾಕಿ.

ಮುರಕಲ್ಲಿನ ಗೋಡೆಗೆ ನೇರವಾಗಿ ಸ್ಕ್ರೂ ಹಾಕಬೇಡಿ, ಕಲ್ಲು ಪುಡಿಯಾಗಿ ಕಿತ್ತು ಬರುತ್ತದೆ. ಪಟ್ಟಿಯ ಮೇಲಂಚನ್ನು ಮರಕ್ಕೆ ಸ್ಕ್ರೂ ಮತ್ತು ವಾಷರ್ ಹಾಕಿ ಆರಾರು ಇಂಚಿಗೊಂದರಂತೆ ಬಿಗಿಸಿ, ಕೆಳಗಂಚನ್ನು ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆಯಲ್ಲಿ ಹುದುಗಿಸಿ. ಬರೀ ಮೊಳೆ ಬಗ್ಗಿಸಿ ಹೊಡೆದರೆ ವರ್ಷದೊಳಗೆ ಎದ್ದು ಬರುತ್ತದೆ. ಇಡೀ ಸಂದನ್ನು ಗಾರೆಯಿಂದಲೇ ತುಂಬುವ ಯೋಚನೆ ಮಾತ್ರ ಬೇಡ. ಗಾಳಿ ಆಡದಿದ್ದರೆ ಮಲೆನಾಡಿನ ಮಳೆಗೆ ರೀಪು (ಹಂಚು ಕೂರುವ ಮರದ ಪಟ್ಟಿ), ಪಕಾಸು ಕುಂಬಾಗುತ್ತವೆ.

ಗೂಡುಪಕ್ಕ

ಮೇಸ್ತ್ರಿಗಳು ಹೇಳಿದ್ದಕ್ಕೆ ಒಂದು ಮಾತು ಸೇರಿಸಲೇಬೇಕು: ಜಾಲರಿ ಹೊಡೆಯುವ ಮೊದಲು ಗೂಡಿನಲ್ಲಿ ಮರಿ ಇದೆಯೇ ನೋಡಿ. ನಮ್ಮ ಮೂರು ಪಟ್ಟೆಯ ಅಳಿಲು ಸಾಮಾನ್ಯವಾಗಿ ಎರಡು ಮೂರು ಮರಿ ಹಾಕುತ್ತದೆ. ಅವು ಹಾಲು ಬಿಡಲು ಸುಮಾರು 10 ವಾರ ಬೇಕು. ತಾಯಿಯನ್ನು ಹೊರಗಿಟ್ಟು ಮುಚ್ಚಿದರೆ ಮರಿಗಳು ಒಳಗೇ ಸಾಯುತ್ತವೆ, ತಾಯಿ ಒಳಬರಲು ಮರವನ್ನೆಲ್ಲ ಕಡಿಯುತ್ತದೆ. ಕಣ್ಣು ಬಿಡದ ಮರಿ ಕಂಡರೆ ಗೂಡು ಮುಟ್ಟದೆ ಇಳಿದು ಬನ್ನಿ. ಮೈತುಂಬ ಕೂದಲು ಬಂದು ತಾವೇ ಹೊರಗೆ ಓಡಾಡುವವರೆಗೆ ಕಾಯಿರಿ. ಮಳೆ ಬಂದರೂ ಸರಿ, ಈ ಕೆಲಸಕ್ಕೆ ಅವಸರ ಸಲ್ಲದು. ಅಷ್ಟರಲ್ಲಿ ಗೂಡಿಲ್ಲದ ಬದಿಯ ಸೂರನ್ನು ಮುಚ್ಚಿಕೊಳ್ಳಬಹುದು.

ಮರಿ ಇಲ್ಲವೆಂದು ಖಾತ್ರಿಯಾದರೆ, ಹೆಚ್ಚು ಓಡಾಟವಿರುವ ಒಂದು ಸಂದು ಬಿಟ್ಟು ಉಳಿದದ್ದೆಲ್ಲ ಮುಚ್ಚಿ. ಆ ಸಂದಿಗೆ ಹೊರಗೆ ಮಾತ್ರ ತೆರೆಯುವ ಬಾಗಿಲು ಬೇಕು. ಮೆಶ್‌ನಲ್ಲಿ ಮೂರಿಂಚು ಚೌಕದ ಕಿಂಡಿ ಕತ್ತರಿಸಿ, ಹೊರಬದಿಗೆ ನಾಲ್ಕಿಂಚು ಚೌಕದ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಮೇಲಂಚಿನಲ್ಲಿ ಮಾತ್ರ ತಂತಿಯಿಂದ ತೂಗುಹಾಕಿ. ಹಾಳೆ ಕಿಂಡಿಗಿಂತ ದೊಡ್ಡದಾಗಿರುವುದರಿಂದ ಒಳಕ್ಕೆ ಮಡಚುವುದಿಲ್ಲ. ಅಮೆರಿಕದ ಬೂದು ಅಳಿಲಿಗೆಂದು ಮಾಡಿದ ಸ್ಪ್ರಿಂಗ್ ಬಾಗಿಲು ಇಲ್ಲಿ ನಡೆಯದು. ಅದು ಅರ್ಧ ಕೆಜಿ ತೂಗುವ ಪ್ರಾಣಿ, ನಮ್ಮದು ಸುಮಾರು 100 ಗ್ರಾಂ.

ನಾಲ್ಕೈದು ಬಿಸಿಲಿನ ದಿನ ಬಿಡಿ. ಆಮೇಲೆ ಒಳಬದಿಯಿಂದ ಕಿಂಡಿಗೆ ಪೇಪರ್ ಸಡಿಲವಾಗಿ ತುರುಕಿ. ಮೂರು ದಿನ ಅದು ಅಲುಗದೆ ಇದ್ದರೆ, ಅಟ್ಟದಲ್ಲಿ ಸದ್ದೂ ಇಲ್ಲದಿದ್ದರೆ ಕಿಂಡಿ ಮುಚ್ಚಿ. ಜಡಿಮಳೆಯ ದಿನ ಈ ಪರೀಕ್ಷೆ ನಂಬಬೇಡಿ, ಅಳಿಲು ಒಳಗೇ ಮುದುಡಿ ಕೂತಿರುತ್ತದೆ.

ತೀರ್ಥಹಳ್ಳಿ_ಹಂಚುಮನೆ

ಇಬ್ಬರಿಗೂ ತುಂಬ ಧನ್ಯವಾದ. ಗೂಡಿನಲ್ಲಿ ಸದ್ದಿಲ್ಲ, ನಾಳೆ ಟಾರ್ಚ್ ಹಾಕಿ ನೋಡುತ್ತೇನೆ. ನುಸಿಗುಳಿಗೆ ಇಟ್ಟರೆ ತಾವೇ ಹೋಗುತ್ತವೆ ಅನ್ನುತ್ತಾರಲ್ಲ? ಇನ್ನೊಂದು, ಮಾಡಿಗೆ ತಾಗಿಯೇ ತೆಂಗಿನ ಮರವಿದೆ, ಕಡಿಯುವಂತಿಲ್ಲ.

ಮಾಡು_ಮೇಸ್ತ್ರಿ

ನುಸಿಗುಳಿಗೆ ಬೇಡ ಸರ್. ಗಾಳಿಯಾಡುವ ಅಟ್ಟದಲ್ಲಿ ಅದರ ವಾಸನೆ ಅಳಿಲನ್ನು ಓಡಿಸುವಷ್ಟು ನಿಲ್ಲುವುದಿಲ್ಲ, ಮುಚ್ಚಿಗೆಯ ಸಂದಿನಿಂದ ಕೆಳಗೆ ಮಲಗಿದವರ ಮೂಗಿಗೆ ಮಾತ್ರ ಬರುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ತೆಂಗಿನ ಕಾಂಡಕ್ಕೆ ನೆಲದಿಂದ ಆರಡಿ ಎತ್ತರದಲ್ಲಿ ಒಂದೂವರೆ ಎರಡು ಅಡಿ ಅಗಲದ ನಯವಾದ ಜಿಐ ತಗಡು ಸುತ್ತಿ, ಉಗುರು ಊರಲು ಆಗುವುದಿಲ್ಲ. ತಗಡಿನ ಒಳಗೆ ಸಂದು ಬಿಡಬೇಡಿ, ಅಲ್ಲೇ ಹತ್ತುತ್ತದೆ. ಆದರೆ ಪಕ್ಕದ ಮರದ ಗರಿ ಇದಕ್ಕೆ ತಾಗಿದ್ದರೆ ತಗಡು ಸುತ್ತಿ ಪ್ರಯೋಜನವಿಲ್ಲ. ಮಾಡಿನ ಮೇಲೆ ಚಾಚಿದ ಉಳಿದ ಕೊಂಬೆಗಳನ್ನು ಆರೇಳು ಅಡಿ ಹಿಂದಕ್ಕೆ ಸವರಿಸಿ. ಬಟ್ಟೆ ಒಣಗಿಸುವ ತಂತಿ ಸೂರಿಗೆ ಕಟ್ಟಿದ್ದರೆ ಅದನ್ನೂ ಬಿಚ್ಚಿ.

ವೈರಿಂಗ್_ಶಿವಮೊಗ್ಗ

ಅಟ್ಟ ಹತ್ತುವ ಮೊದಲು ಮೇನ್ ಸ್ವಿಚ್ ಆರಿಸಿ, ಇದು ಮೊದಲ ಕೆಲಸ. ಕಡಿದ ವೈರಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬಿಡಬೇಡಿ. ತಾಮ್ರ ಕಾಣುತ್ತಿದ್ದರೆ ಪಕ್ಕದಲ್ಲೇ ಒಣ ನಾರು ಇದೆ, ಒಂದು ಕಿಡಿ ಸಾಕು. ಆ ತುಂಡನ್ನು ಜಂಕ್ಷನ್ ಬಾಕ್ಸಿನಿಂದ ಜಂಕ್ಷನ್ ಬಾಕ್ಸಿನವರೆಗೆ ಪೂರ್ತಿ ಬದಲಿಸಿ, ಗಟ್ಟಿ ಪಿವಿಸಿ ಪೈಪಿನೊಳಗೆ ಎಳೆಯಿರಿ. ಹಳೇ ಮನೆಯಾದ್ದರಿಂದ ಅರ್ತಿಂಗ್ ನೋಡಿಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ.

ಗೂಡು ತೆಗೆಯುವಾಗ ಒಣಗಿದ್ದನ್ನು ಗುಡಿಸಬೇಡಿ, ಹಿಕ್ಕೆಯ ದೂಳು ಏಳುತ್ತದೆ. ಮಾಸ್ಕ್, ಕೈಗವಸು ಹಾಕಿ, ಸ್ಪ್ರೇಯರಿನಲ್ಲಿ ಬ್ಲೀಚಿಂಗ್ ನೀರು ಸಿಂಪಡಿಸಿ ಹತ್ತು ನಿಮಿಷ ನೆನೆಯಲು ಬಿಟ್ಟು ಚೀಲಕ್ಕೆ ತುಂಬಿ. ವೈರು, ಜಂಕ್ಷನ್ ಬಾಕ್ಸಿನ ಹತ್ತಿರ ಸಿಂಪಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಎಲ್ಲ ಒಣಗಿದ ಮೇಲೆಯೇ ಮೇನ್ ಹಾಕಿ.