ಪ್ರಶ್ನೋತ್ತರ: ನಿದ್ರೆ ಮಾತ್ರೆ, ಇಲಿ, ಮರೆವು

ಅಡ್ಮಿನ್: ಇವತ್ತು ಫಾರ್ಮಕಾಲಜಿ ಮೇಡಂ ಉತ್ತರ ಕೊಡ್ತಾರೆ. ಫಾರ್ವರ್ಡ್ ಹಾಕ್ಬೇಡಿ ಪ್ಲೀಸ್.

ಹಾಸನದ ಸೊಸೆ: ನಮಸ್ತೆ ಮೇಡಂ, ನಮ್ಮತ್ತೆ ಎರಡು ವರ್ಷದಿಂದ ರಾತ್ರಿ ಆಲ್ಪ್ರಜೋಲಂ ತಗೋತಿದ್ರು, ಈಚೆಗೆ ಒಲೆ ಮೇಲೆ ಹಾಲಿಟ್ಟು ಮರ್ತುಬಿಡ್ತಾರೆ. 'ಈ ಮಾತ್ರೆ ಕೊಟ್ಟ ಇಲಿಗಳ ನೆನಪು ಪೂರ್ತಿ ಹೋಯ್ತು, ಇವತ್ತೇ ಬಿಸಾಕಿ, ಜಾಯಿಕಾಯಿ ಹಾಲು ಕುಡೀರಿ' ಅಂತ ಮೆಸೇಜ್ ಬಂತು, ನಿಲ್ಲಿಸಿ ಮೂರು ದಿನ ಆಯ್ತು. ನಿದ್ದೆ ಇಲ್ಲ, ಕೈ ನಡುಗಿ ಲೋಟ ಹಿಡಿಯೋಕಾಗ್ತಿಲ್ಲ. ಜಾಯಿಕಾಯಿ ಜಾಸ್ತಿ ಹಾಕ್ಲಾ?

ಮೇಡಂ: ಜಾಯಿಕಾಯಿ ಪಕ್ಕಕ್ಕಿಡಿ. ಅತ್ತೇನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ನಾಳೆ ಅಲ್ಲ. ಇಷ್ಟು ದಿನ ತಗೊಂಡ ಮಾತ್ರೆ ಏಕಾಏಕಿ ನಿಲ್ಸಿದ್ರೆ ಫಿಟ್ಸ್ ಬರಬಹುದು. ಸ್ಟ್ರಿಪ್ ತಗೊಂಡು ಹೋಗಿ, ನಿಲ್ಲಿಸಿದ ದಿನ ಹೇಳಿ, ಡೋಸ್ ಹೇಗೆ ಇಳಿಸ್ಬೇಕು ಅಂತ ಅವ್ರು ನೋಡ್ತಾರೆ. ಮರೆವಿಗೆ ಥೈರಾಯ್ಡು, ಬಿ12 ಕೂಡ ಚೆಕ್ ಮಾಡ್ಸಿ.
ಇನ್ನು ಆ ಇಲಿ ಕಥೆ. ದುಂಡನೆ ತೊಟ್ಟಿ, ಹಾಲಿನ ಪುಡಿ ಕಲಸಿ ಬೆಳ್ಳಗೆ ಮಾಡಿದ ನೀರು, ನೀರಿನ ಮಟ್ಟದಿಂದ ಚೂರು ಕೆಳಗೆ ಕಾಣದ ಹಾಗೆ ಒಂದು ಮಣೆ. ವಿಜ್ಞಾನಿ ರಿಚರ್ಡ್ ಮಾರಿಸ್ 1981ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಇಲಿ ಈಜಿ ಈಜಿ, ಕೋಣೆ ಗೋಡೆ ಕಡೆ ಗುರುತು ನೋಡ್ಕೊಂಡು ಮಣೆ ಜಾಗ ಕಲಿಯುತ್ತೆ. ಕಲಿಸೋ ಮುಂಚೆ ಡಯಾಜೆಪಾಂ (ಆಲ್ಪ್ರಜೋಲಂ ಗುಂಪಿನದೇ ಔಷಧಿ) ಚುಚ್ಚಿದ್ರೆ ಸುಮ್ನೆ ಸುತ್ತುತ್ತೆ, ಜಾಗ ತಲೆಗೆ ಹೋಗಲ್ಲ. ಕಲಿತಾದ್ಮೇಲೆ ಚುಚ್ಚಿದ್ರೆ ಹಳೇ ಪಾಠ ಬಹುಮಟ್ಟಿಗೆ ಉಳಿಯುತ್ತೆ. ಹೊಸದು ಬರೆಯೋಕೆ ಬಿಡಲ್ಲ, ಬರೆದಿದ್ದು ಅಳಿಸಲ್ಲ. 'ಪೂರ್ತಿ ಹೋಯ್ತು' ಅನ್ನೋದು ಮೆಸೇಜ್ ಬರೆದವರ ಕಟ್ಟುಕಥೆ.

ಶಿರಸಿ ಮಾಣಿ: ಒಂದೆಲಗದ ತಂಬುಳಿ ತಿನ್ರಿ, ಯಾವ ಮಾತ್ರೇನೂ ಬೇಡ. ಅದೇ ಬ್ರಾಹ್ಮಿ.

ನಿವೃತ್ತ ಮೇಷ್ಟ್ರು: ಅದಲ್ಲ. ಬ್ರಾಹ್ಮಿ ಅಂದ್ರೆ ನೀರುಬ್ರಾಹ್ಮಿ, ಗಿಡವೇ ಬೇರೆ.

ಶಿರಸಿ ಮಾಣಿ: ನಮ್ಮಜ್ಜಿ ತೊಂಬತ್ತು ವರ್ಷ ತಪ್ಪು ಸೊಪ್ಪು ತಿಂದ್ರಾ ಹಾಗಾದ್ರೆ?

ಬಿಫಾರ್ಮ ಹುಡುಗಿ: ಮೇಡಂ, ಮಂಪರಿಗೆ ಈಜೋಕಾಗದೆ ಸುತ್ತಿರಬಹುದಲ್ವಾ? ಮರೆವು ಅಂತ ಹೇಗೆ ಗೊತ್ತು?

ಮೇಡಂ: ಹಾ, ಇದು ಪ್ರಶ್ನೆ! ಅದಕ್ಕೇ ಮಣೆ ಕಣ್ಣಿಗೆ ಕಾಣೋ ಹಾಗಿಟ್ಟೂ ನೋಡ್ತಾರೆ, ಆಗ ನೇರ ಈಜಿ ಹತ್ತಿದ್ರೆ ಕೈಕಾಲು ನೆಟ್ಟಗಿದೆ ಅಂತ. ಆದ್ರೂ ಮಂಪರು ಮರೆವು ಬಿಡಿಸೋದು ಕಷ್ಟ. 1999ರಲ್ಲಿ ಗಾಬಾ ರಿಸೆಪ್ಟರು, ಅಂದ್ರೆ ಮೆದುಳಲ್ಲಿ ಈ ಔಷಧಿಗಳು ಅಂಟ್ಕೊಳ್ಳೋ ಪ್ರೋಟೀನು, ಅದರ ಆಲ್ಫಾ-1 ಭಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದ ಸುಂಡಿಲಿಗಳಿಗೆ ಡಯಾಜೆಪಾಂ ಕೊಟ್ರು, ಮಂಪರೂ ಇಲ್ಲ ಮರೆವೂ ಇಲ್ಲ, ಆದ್ರೆ ಆತಂಕ ಕಮ್ಮಿ ಆಯ್ತು. ಮಂಪರು, ಮರೆವು ಎರಡೂ ಒಂದೇ ಬಾಗಿಲಿಂದ ಬರ್ತವೆ ನೋಡಿ.

ಮಂಡ್ಯ ಗೌಡ: ನಮ್ಮಪ್ಪಂಗೂ ಇದೇ ಮಾತ್ರೆ, ನಿಲ್ಸ್ಬೋದಾ ಮೇಡಂ?

ಮೇಡಂ: ಮೇಲೆ ಓದಿ.

ತುಳಸಿಕಟ್ಟೆ: ಪಾಪದ ಇಲಿಗಳನ್ನ ನೀರಿಗೆ ಹಾಕೋದು ಸರೀನಾ?

ಬಳ್ಳಾರಿ ಅಕ್ಕ: ನಿಲ್ಸಿದ್ರೆ ಏನಾಗುತ್ತೆ ಮೇಡಂ?

ಮೇಡಂ: ಮೇಲೆ ಓದಿ ಅಂದೆ. ಮೂರನೇ ಸಲ ಬರೆಯಲ್ಲ.

ಶಿರಸಿ ಮಾಣಿ: ಒಂದೆಲಗಕ್ಕೆ ಇಲಿಕಿವಿ ಸೊಪ್ಪು ಅಂತಾರೆ, ಇಲಿಗೂ ಅದ್ನೇ ಕೊಡ್ಲಿ 😂

ನಿವೃತ್ತ ಮೇಷ್ಟ್ರು: ನಿಮ್ಮಂಥವರಿಂದಲೇ ಗುಂಪು ಹಾಳಾಗೋದು.

ಹಾಸನದ ಸೊಸೆ: ಆಟೋ ಹತ್ತಿದ್ವಿ ಮೇಡಂ. ಸ್ಟ್ರಿಪ್ ಎಲ್ಲಿಟ್ಟೆ ಅಂತ ಅತ್ತೆಗೆ ನೆನಪಿಲ್ವಂತೆ.

ಮೇಡಂ: ಹಳೇ ಚೀಟಿ ಇದ್ರೆ ತಗೊಳ್ಳಿ. ಇಲ್ದಿದ್ರೂ ಸರಿ, ವಾಪಸ್ ಹೋಗ್ಬೇಡಿ.

ಶಿರಸಿ ಮಾಣಿ: ಮೇಷ್ಟ್ರೇ, ಮರ್ಯಾದೆ ಕೊಟ್ಟು ಮಾತಾಡಿ.