ಪದಚರ್ಚೆ: ಜಾಝ್‌ನ ‘ರಿದಮ್ ಸೆಕ್ಷನ್’ಗೆ ಹಿಮ್ಮೇಳ ಅನ್ನಬಹುದಾ?

ಗೆಳೆಯರೇ,

1930ರ ದಶಕದ ಸ್ವಿಂಗ್ ಜಾಝ್ (ಅಮೆರಿಕದ ದೊಡ್ಡ ತಂಡಗಳು ನುಡಿಸುತ್ತಿದ್ದ ಕುಣಿತದ ಜಾಝ್) ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ‘ರಿದಮ್ ಸೆಕ್ಷನ್’ ಅನ್ನುವಲ್ಲಿ ಎರಡು ದಿನದಿಂದ ಪೆನ್ನು ನಿಂತಿದೆ. ಪಿಯಾನೋ, ಗಿಟಾರ್, ಬಾಸ್ (ತಗ್ಗು ಸ್ವರದ ವಾದ್ಯ), ಡ್ರಮ್ಸ್ ನಾಲ್ಕಕ್ಕೂ ಸೇರಿ ಒಂದು ಹೆಸರು ಬೇಕು.

‘ತಾಳವಾದ್ಯ’ ಅಂದರೆ ಮೃದಂಗ, ಘಟ ನೆನಪಾಗುತ್ತವೆ. ಪಿಯಾನೋ ಹೊರಗೇ ಉಳಿಯುತ್ತದೆ. ‘ಲಯ ವಿಭಾಗ’ ಯಾವುದೋ ಕಚೇರಿಯ ಬೋರ್ಡಿನ ಹಾಗಿದೆ. ‘ಪಕ್ಕವಾದ್ಯ’ ಪರವಾಗಿಲ್ಲ, ಆದರೆ ಅದರಲ್ಲಿ ಪಿಟೀಲೂ ಬರುತ್ತದೆ. ಪಿಟೀಲು ಹಾಡಿನ ಬೆನ್ನು ಹಿಡಿದು ಹೋಗುತ್ತದೆ, ಇಲ್ಲಿನ ಕೆಲಸ ಅದಲ್ಲ, ಲಯ ಹಿಡಿಯುವುದು.

ಆ ಕೆಲಸವೂ ಆಗ ಬದಲಾಗುತ್ತಿತ್ತು. ಮೊದಲು ಎಷ್ಟೋ ತಂಡಗಳಲ್ಲಿ ಬಾಸ್ ಜಾಗದಲ್ಲಿ ಟ್ಯೂಬಾ (ಊದುವ ದೊಡ್ಡ ಹಿತ್ತಾಳೆ ವಾದ್ಯ), ಗಿಟಾರ್ ಜಾಗದಲ್ಲಿ ಬ್ಯಾಂಜೋ ಇರುತ್ತಿದ್ದವು. ಟ್ಯೂಬಾದವನು ಉಸಿರೂ ತೆಗೆದುಕೊಳ್ಳಬೇಕಲ್ವಾ? ನಾಲ್ಕು ಎಣಿಕೆಯಲ್ಲಿ ಜಾಸ್ತಿ ಸಲ ಎರಡಕ್ಕೆ ಮಾತ್ರ ಊದುತ್ತಿದ್ದ. ಆಮೇಲೆ ತಂತಿಯ ಬಾಸ್ ಬಂತು. ಕೌಂಟ್ ಬೇಸಿ ತಂಡದ ವಾಲ್ಟರ್ ಪೇಜ್ ನಾಲ್ಕೂ ಎಣಿಕೆಗೆ ಒಂದೊಂದು ಸ್ವರ ಮೀಟುತ್ತಾ ಹತ್ತಿ ಇಳಿಯುತ್ತಾರೆ. ಡ್ರಮ್ಸ್‌ನ ಜೋ ಜೋನ್ಸ್ ಲಯವನ್ನು ದೊಡ್ಡ ಡ್ರಮ್ಮಿನಿಂದ ಎತ್ತಿ ಹೈ-ಹ್ಯಾಟ್ ಮೇಲಿಟ್ಟರು. ಅದು ಕಾಲಲ್ಲಿ ಒತ್ತಿದರೆ ಮುಚ್ಚಿಕೊಳ್ಳುವ ಜೋಡಿ ತಾಳ. (ಈ ಒಂದು ಕಡೆ ನಮ್ಮ ‘ತಾಳ’ ಸರಿಯಾಗಿ ಕೂತಿತು.) ಗಿಟಾರಿನ ಫ್ರೆಡ್ಡಿ ಗ್ರೀನ್ 1937ರಲ್ಲಿ ಸೇರಿದವರು. ಆಂಪ್ಲಿಫೈಯರ್ ಇಲ್ಲದೆ, ಎಣಿಕೆಗೊಮ್ಮೆ ತಂತಿ ಸವರುವುದೇ ಅವರ ಕೆಲಸ. ಇಷ್ಟು ಜನ ಲಯ ಹೊತ್ತ ಮೇಲೆ ಪಿಯಾನೋ ನುಡಿಸುವ ಬೇಸಿಯ ಎಡಗೈಗೆ ಬಿಡುವು. ಅಲ್ಲೊಂದು ಇಲ್ಲೊಂದು ಸ್ವರ ಚುಚ್ಚಿ ಸುಮ್ಮನಾಗುತ್ತಾರೆ.

ಇದನ್ನು ಕೇಳುವಾಗಲೇ ಯಕ್ಷಗಾನದ ‘ಹಿಮ್ಮೇಳ’ (ಹಾಡುವ ಭಾಗವತರು, ಚೆಂಡೆ, ಮದ್ದಳೆಯವರು) ಹೊಳೆಯಿತು. ಎದುರಿಗೆ ಟ್ರಂಪೆಟ್, ಸ್ಯಾಕ್ಸೋಫೋನ್ ಊದುವವರು ಮುಮ್ಮೇಳ, ಅಂದರೆ ವೇಷಧಾರಿಗಳ ಹಾಗೆ. ಭಾಗವತರು ಹಿಮ್ಮೇಳದಲ್ಲೇ ಕೂತು ಇಡೀ ಆಟ ನಡೆಸುತ್ತಾರೆ. ಬೇಸಿಯೂ ಯಜಮಾನ, ಕೂತದ್ದು ಹಿಮ್ಮೇಳದ ಪಿಯಾನೋ ಮುಂದೆ. ನನಗಂತೂ ಈ ಪದ ಬಿಡಲು ಮನಸ್ಸಿಲ್ಲ.

ತೊಡಕು ಎರಡು. ಭಾಗವತರು ಹಾಡುತ್ತಾರೆ, ರಿದಮ್ ಸೆಕ್ಷನ್ನಿಗೆ ಹಾಡುವುದು ಕಡ್ಡಾಯವಲ್ಲ. ಇನ್ನು ಸುಗಮ ಸಂಗೀತ ಕೇಳುವವರಿಗೆ ಹಿಮ್ಮೇಳ ಅಂದರೆ ಹಿಂದೆ ನಿಂತು ಸೊಲ್ಲು ತಿರುಗಿ ಹಾಡುವವರು. ‘ಲಯದ ಹಿಮ್ಮೇಳ’ ಅಂದರೆ ಗೊಂದಲ ಹೋದೀತಾ? ಕರಾವಳಿ, ಮಲೆನಾಡಿನವರು ಹೇಳಬೇಕು.

ಹಾಗೇ ಇನ್ನೊಂದು. ಪೇಜ್ ಹಾಗೆ ಎಣಿಕೆಗೊಂದು ಸ್ವರದಂತೆ ಹತ್ತಿ ಇಳಿದು ನುಡಿಸುವ ‘ವಾಕಿಂಗ್ ಬಾಸ್’ಗೆ ‘ನಡೆ’ ಅನ್ನೋಣವೆಂದರೆ ಕರ್ನಾಟಕ ಸಂಗೀತದವರು ತಿಶ್ರ ನಡೆ, ಚತುರಶ್ರ ನಡೆ ಅಂತ ಅದನ್ನು ಆಗಲೇ ಬೇರೆಯದಕ್ಕೆ, ಎಣಿಕೆಯನ್ನು ಎಷ್ಟು ಪಾಲು ಮಾಡುವುದು ಅನ್ನುವುದಕ್ಕೆ, ಇಟ್ಟುಕೊಂಡಿದ್ದಾರೆ. ‘ನಡಿಗೆ ಬಾಸ್’ ಅಂದರೆ ಕಿವಿಗೆ ಒರಟಾಗುತ್ತದಾ?